ಕೊಡುವ ಕೈ, ನಡೆಸುವ ಕೈ: ಮಂಡ್ಯ ಸೀಮೆಯ ಅನುದಾನಿತ ಶಾಲೆಗಳ ಹಿನ್ನೆಲೆ

ಸರಕಾರಿ ಶಾಲೆ ಎಂದರೆ ಎಲ್ಲರಿಗೂ ಗೊತ್ತು. ಖಾಸಗಿ ಶಾಲೆ ಎಂದರೂ ಗೊತ್ತು. ಇವೆರಡರ ನಡುವೆ ಇನ್ನೊಂದು ಜಾತಿಯ ಶಾಲೆ ಇದೆ. ಅದರ ಕಟ್ಟಡ ಒಂದು ಟ್ರಸ್ಟಿನದು, ಅದರ ಮೇಷ್ಟ್ರನ್ನು ಆರಿಸುವವರು ಆ ಟ್ರಸ್ಟಿನವರು, ಆದರೆ ಆ ಮೇಷ್ಟ್ರ ಸಂಬಳ ಬರುವುದು ಸರಕಾರದ ಖಜಾನೆಯಿಂದ. ಬೋರ್ಡಿನ ಮೇಲೆ ಸಂಸ್ಥೆಯ ಹೆಸರಿನ ಕೆಳಗೆ ಕಂಸದೊಳಗೆ 'ಅನುದಾನಿತ' ಎಂಬ ಒಂದು ಸಣ್ಣ ಪದ ಇರುತ್ತದೆ. ಮಂಡ್ಯ, ಮದ್ದೂರು, ಮಳವಳ್ಳಿಗಳಲ್ಲಿ ಎಸ್ಸೆಸ್ಸೆಲ್ಸಿ ದಾಟಿದ ಒಂದೆರಡು ತಲೆಮಾರಿನ ರೈತರ ಮಕ್ಕಳಲ್ಲಿ ಎಷ್ಟೋ ಜನ ಆ ಪದದ ಅಡಿಯಲ್ಲೇ ಹಾದು ಬಂದವರು. ಆ ಪದ ಎಲ್ಲಿಂದ ಬಂತು, ಅದರೊಳಗೆ ಏನೇನು ಕರಾರು ಅಡಗಿದೆ ಎಂದು ಕೇಳುವವರು ಮಾತ್ರ ಕಡಿಮೆ. ನಮ್ಮ ಸಮುದಾಯದಲ್ಲಂತೂ ಇನ್ನೂ ಕಡಿಮೆ. ಹಾಗಾಗಿ ಈ ಸಲ ಅದರ ಇತಿಹಾಸವನ್ನು ಸ್ವಲ್ಪ ಬಿಡಿಸಿ ನೋಡೋಣ.

ಈ ಪದ್ಧತಿ ನಮ್ಮ ನೆಲದಲ್ಲಿ ಹುಟ್ಟಿದ್ದಲ್ಲ. ಇಂಗ್ಲೆಂಡಿನಲ್ಲಿ 1833ರಲ್ಲಿ ಪಾರ್ಲಿಮೆಂಟು ಮೊದಲ ಬಾರಿಗೆ ಬಡವರ ಮಕ್ಕಳ ಶಾಲೆಗೆಂದು 20,000 ಪೌಂಡ್ ಮಂಜೂರು ಮಾಡಿತು. ಆ ಹಣದಿಂದ ಸರಕಾರ ತಾನೇ ಶಾಲೆ ತೆರೆಯಲಿಲ್ಲ, ಚರ್ಚುಗಳಿಗೆ ಸೇರಿದ ಎರಡು ಶಿಕ್ಷಣ ಸಂಘಗಳ ಕೈಗೆ ಕೊಟ್ಟಿತು. ಇಪ್ಪತ್ತೊಂದು ವರ್ಷದ ನಂತರ, 1854ರ ಜುಲೈಯಲ್ಲಿ, ಅದೇ ಉಪಾಯ ಹಡಗು ಹತ್ತಿ ಭಾರತಕ್ಕೆ ಬಂತು. ಚಾರ್ಲ್ಸ್ ವುಡ್‌ನ ಶಿಕ್ಷಣ ಪತ್ರ ಎಂದು ಶಾಲಾ ಪುಸ್ತಕಗಳಲ್ಲಿ ನಾವೆಲ್ಲ ಬಾಯಿಪಾಠ ಮಾಡಿದ ಆ ದಾಖಲೆಯಲ್ಲಿ ಖಾಸಗಿ ಶಾಲೆಗಳಿಗೆ ಸಹಾಯಧನ ಕೊಡಬೇಕೆಂದು ಹೇಳಲಾಗಿತ್ತು. ಅದಕ್ಕೆ ಷರತ್ತುಗಳಿದ್ದವು. ಲೌಕಿಕ ವಿದ್ಯೆಯನ್ನು ಚೆನ್ನಾಗಿ ಕಲಿಸಬೇಕು, ಸ್ಥಳೀಯವಾಗಿ ಹೊಣೆ ಹೊರುವ ಆಡಳಿತ ಇರಬೇಕು, ಸರಕಾರದ ಇನ್‌ಸ್ಪೆಕ್ಟರು ಬಂದು ನೋಡಲು ಬಿಡಬೇಕು, ಎಷ್ಟೇ ಸಣ್ಣದಿರಲಿ ಮಕ್ಕಳಿಂದ ಸ್ವಲ್ಪ ಫೀಜು ತೆಗೆದುಕೊಳ್ಳಬೇಕು. ಧರ್ಮದ ಪಾಠ ಬೇಕಾದರೆ ನೀವು ಮಾಡಿಕೊಳ್ಳಿ, ಅದನ್ನು ನಾವು ನೋಡುವುದಿಲ್ಲ ಎಂಬ ಧೋರಣೆಯೂ ಅದರಲ್ಲಿತ್ತು. ಸರಕಾರಕ್ಕೆ ಇದರಲ್ಲಿ ಎರಡು ಲಾಭ. ಖರ್ಚು ಕಡಿಮೆ, ಮೇಲಾಗಿ ಜನರ ಧರ್ಮದಲ್ಲಿ ಕೈ ಹಾಕಿದ ಆರೋಪವಿಲ್ಲ. ಒಂದೂವರೆ ಶತಮಾನ ಕಳೆದರೂ ಅನುದಾನ ಎಂಬ ವ್ಯವಸ್ಥೆಯ ಎಲುಬುಗೂಡು ಹೆಚ್ಚು ಕಡಿಮೆ ಇದೇ ಆಗಿ ಉಳಿದಿದೆ.

ಮೈಸೂರು ಸೀಮೆಯಲ್ಲಿ ಆಗ ಬ್ರಿಟಿಷ್ ಕಮಿಷನರರ ಆಡಳಿತ. 1857ರಲ್ಲಿ ವಿದ್ಯಾ ಇಲಾಖೆ ಆರಂಭವಾಯಿತು. ಅದಕ್ಕೂ ಮೊದಲೇ ಹಳ್ಳಿಗಳಲ್ಲಿ ಕೂಲಿ ಮಠಗಳಿದ್ದವು. ಐಗಳು ಮರಳಿನ ಮೇಲೆ ಅಕ್ಷರ ತಿದ್ದಿಸುತ್ತಿದ್ದರು, ಅವರ ಕೂಲಿಯನ್ನು ಮಕ್ಕಳ ತಂದೆತಾಯಿ ಹಣವಾಗಿಯೋ ಧಾನ್ಯವಾಗಿಯೋ ಕೊಡುತ್ತಿದ್ದರು. ಮುಸ್ಲಿಂ ಮೊಹಲ್ಲಾಗಳಲ್ಲಿ ಮಸೀದಿಯ ಪಡಸಾಲೆಯೇ ಶಾಲೆ. 1868ರಲ್ಲಿ ಬಿ.ಎಲ್. ರೈಸ್ ಅವರ ಹೋಬಳಿ ಶಾಲೆಗಳ ಯೋಜನೆ ಬಂತು, ಹೋಬಳಿಗೊಂದು ಸರಕಾರಿ ಶಾಲೆ ಎಂಬ ಲೆಕ್ಕಾಚಾರ. ಶಾಸನಗಳ ಸಂಪುಟಗಳಿಂದ ನಮಗೆ ಪರಿಚಿತರಾದ ರೈಸ್ ಅವರೇ ಇವರು. ಉರ್ದು ಮಾತಾಡುವವರ ಮಕ್ಕಳಿಗೆ 'ಹಿಂದೂಸ್ತಾನಿ ಶಾಲೆ' ಎಂಬ ಹೆಸರಿನಲ್ಲಿ ಪ್ರತ್ಯೇಕ ಶಾಲೆಗಳನ್ನು ತೆರೆಯಲಾಯಿತು. ಸರಕಾರ ನೇರವಾಗಿ ತಲುಪಲಾಗದ ಕಡೆ ಖಾಸಗಿಯವರು ನಡೆಸುವ ಶಾಲೆಗೆ ಗ್ರಾಂಟು ಕೊಡುವ ರೂಢಿಯೂ ಬೆಳೆಯಿತು. ಹಳೆಯ ಕಾಲದವರ ಬಾಯಲ್ಲಿ ಇದು 'ಗ್ರಾಂಟ್ ಸ್ಕೂಲು'.

ಸರಕಾರದ ಹಣ ಮುಟ್ಟಬೇಕೆ ಬೇಡವೆ ಎಂಬ ಪ್ರಶ್ನೆಗೆ ಮುಸ್ಲಿಮರ ಇತಿಹಾಸದಲ್ಲಿ ಒಂದೇ ಉತ್ತರವಿಲ್ಲ ಎಂಬುದನ್ನು ಇಲ್ಲಿ ನೆನೆಯಬೇಕು. 1866ರಲ್ಲಿ ದೇವಬಂದ್‌ನಲ್ಲಿ ಮದ್ರಸ ಆರಂಭಿಸಿದ ಮೌಲಾನಾ ಕಾಸಿಂ ನಾನೌತವಿಯವರು ಬರೆದಿಟ್ಟ ಎಂಟು ಸೂತ್ರಗಳಲ್ಲಿ ಸರಕಾರದ ಮತ್ತು ಶ್ರೀಮಂತರ ಪಾಲುದಾರಿಕೆ ಹಾನಿಕರ ಎಂಬ ಎಚ್ಚರಿಕೆ ಇದೆ. ಸಾಮಾನ್ಯರ ಚಂದಾ ಹಣವೇ ಸಾಕು, ಖಾಯಂ ಆದಾಯ ಬಂದರೆ ದೇವರ ಮೇಲಿನ ಭರವಸೆ ಸಡಿಲವಾಗುತ್ತದೆ, ಒಳಜಗಳ ಶುರುವಾಗುತ್ತದೆ ಎಂಬ ಭಾವ ಅವರದು. ಒಂಬತ್ತು ವರ್ಷದ ನಂತರ, 1875ರಲ್ಲಿ, ಸರ್ ಸೈಯದ್ ಅಹ್ಮದ್ ಖಾನರು ಅಲಿಘರ್‌ನಲ್ಲಿ ಸಂಸ್ಥೆ ಕಟ್ಟಿದಾಗ ದೇಣಿಗೆಯನ್ನೂ ಎತ್ತಿದರು, ಸರಕಾರದ ಗ್ರಾಂಟನ್ನೂ ಸಂಕೋಚವಿಲ್ಲದೆ ಪಡೆದರು. 1920ರಲ್ಲಿ ಅಸಹಕಾರ ಮತ್ತು ಖಿಲಾಫತ್ ಚಳವಳಿಯ ಬಿಸಿಯಲ್ಲಿ ಅದೇ ಅಲಿಘರ್‌ನ ಹುಡುಗರು, ಅಧ್ಯಾಪಕರು, ಸರಕಾರಿ ಗ್ರಾಂಟು ಬಿಡಿ ಎಂದು ಕೇಳಿದರು. ಟ್ರಸ್ಟಿಗಳು ಒಪ್ಪಲಿಲ್ಲ. ಹೊರಬಂದವರು ಆ ವರ್ಷದ ಅಕ್ಟೋಬರಿನಲ್ಲಿ ಜಾಮಿಯಾ ಮಿಲ್ಲಿಯಾ ಇಸ್ಲಾಮಿಯಾ ಕಟ್ಟಿದರು, ಹಲವು ವರ್ಷ ಅರೆಹೊಟ್ಟೆಯಲ್ಲಿ ನಡೆಸಿದರು. ಇಂದು ಜಾಮಿಯಾ ಕೇಂದ್ರ ವಿಶ್ವವಿದ್ಯಾಲಯ, ಅದರ ಖರ್ಚನ್ನು ಕೇಂದ್ರ ಸರಕಾರವೇ ಭರಿಸುತ್ತದೆ! ಹಣ ಬೇಡವೆಂದು ಹುಟ್ಟಿದ ಸಂಸ್ಥೆ ಹಣ ಪಡೆಯಿತು ಎಂದು ಯಾರೂ ನಗಬೇಕಾಗಿಲ್ಲ. 1920ರ ಸರಕಾರ ಪರರದ್ದು, ಇಂದಿನ ಖಜಾನೆ ನಮ್ಮ ತೆರಿಗೆಯದ್ದು. ಆದರೂ ನಾನೌತವಿಯವರ ಅನುಮಾನದಲ್ಲಿ ಒಂದು ಹುರುಳಿದೆ. ಹಣದ ಜೊತೆ ಇನ್‌ಸ್ಪೆಕ್ಟರೂ ಬರುತ್ತಾನೆ.

ಮೈಸೂರು ಸಂಸ್ಥಾನದಲ್ಲಿ ಇಪ್ಪತ್ತನೆಯ ಶತಮಾನದ ಮೊದಲ ದಶಕ ಸಂಘಗಳ ಕಾಲ. ಒಕ್ಕಲಿಗರ ಸಂಘ 1906ರಲ್ಲಿ ಹುಟ್ಟಿತು. ಅದರ ಆಸುಪಾಸಿನಲ್ಲೇ ಲಿಂಗಾಯತರ ವಿದ್ಯಾನಿಧಿ, ಬೆಂಗಳೂರಿನಲ್ಲಿ ಸೆಂಟ್ರಲ್ ಮುಸ್ಲಿಂ ಅಸೋಸಿಯೇಷನ್ ಬಂದವು. ಇವರೆಲ್ಲರ ಬೇಡಿಕೆ ಬಹುಮಟ್ಟಿಗೆ ಒಂದೇ: ವಿದ್ಯಾರ್ಥಿನಿಲಯ, ವಿದ್ಯಾರ್ಥಿವೇತನ, ನೌಕರಿ. 1918ರಲ್ಲಿ ನೇಮಕವಾದ ಮಿಲ್ಲರ್ ಸಮಿತಿ ಮರುವರ್ಷ ವರದಿ ಕೊಟ್ಟಾಗ ಹಿಂದುಳಿದವರೆಂದು ಗುರುತಿಸಿದವರಲ್ಲಿ ಒಕ್ಕಲಿಗರೂ ಇದ್ದರು, ಮುಸ್ಲಿಮರೂ ಇದ್ದರು. ಒಂದೇ ಪಂಕ್ತಿಯಲ್ಲಿ ಕೂತಿದ್ದ ಎರಡು ಸಮುದಾಯಗಳು ಇವು ಎಂಬುದನ್ನು ಮಂಡ್ಯದ ಮುಂದಿನ ಕಥೆ ಓದುವಾಗ ನೆನಪಿಡಬೇಕು.

ಮಂಡ್ಯದ ಕಥೆ ನೀರಿನಿಂದ ಶುರು. ಕನ್ನಂಬಾಡಿ ಕಟ್ಟೆಯ ಕೆಲಸ 1911ರಲ್ಲಿ ಆರಂಭವಾಗಿ 1930ರ ದಶಕದ ಮೊದಲಲ್ಲಿ ಮುಗಿಯಿತು. ಇರ್ವಿನ್ ನಾಲೆ, ಈಗಿನ ವಿಶ್ವೇಶ್ವರಯ್ಯ ನಾಲೆ, ರಾಗಿ ಬೆಳೆಯುತ್ತಿದ್ದ ಒಣ ಹೊಲಗಳಿಗೆ ಹರಿಯಿತು. 1933ರಲ್ಲಿ ಮಂಡ್ಯದ ಸಕ್ಕರೆ ಕಂಪನಿ ಸ್ಥಾಪನೆಯಾಯಿತು. ಕೃಷಿ ಇಲಾಖೆಯ ಲೆಸ್ಲಿ ಕೋಲ್ಮನ್ ಅದರ ಹಿಂದಿನ ಶಕ್ತಿ, ದಿವಾನರು ಸರ್ ಮಿರ್ಜಾ ಇಸ್ಮಾಯಿಲ್. 1926ರಿಂದ 1941ರವರೆಗೆ ದಿವಾನರಾಗಿದ್ದ ಮಿರ್ಜಾ ಅವರ ಕೈಗಾರಿಕಾ ನೀತಿಯಲ್ಲಿ ಅನುದಾನದ ಛಾಯೆಯೇ ಇತ್ತು. ಸರಕಾರ ಷೇರು ಹಾಕುತ್ತದೆ, ಜನರೂ ಷೇರು ಹಾಕಲಿ, ಕಂಪನಿಯಾಗಿ ಅದು ನಡೆಯಲಿ. ಶಾಲೆಗೆ ಅನ್ವಯಿಸಿದ್ದನ್ನು ಅವರು ಕಾರ್ಖಾನೆಗೂ ಅನ್ವಯಿಸಿದರು ಎಂದು ನಾವು ತಿಳಿಯುತ್ತೇವೆ. 1939ರ ಜುಲೈಯಲ್ಲಿ ಮೈಸೂರಿನಿಂದ ಬೇರೆಯಾಗಿ ಮಂಡ್ಯ ಜಿಲ್ಲೆಯಾಯಿತು. ಅದಕ್ಕೆ ಒಂದು ವರ್ಷ ಮೊದಲು, 1938ರ ಏಪ್ರಿಲಿನಲ್ಲಿ, ಮದ್ದೂರಿನ ಮಗ್ಗುಲಿನ ಶಿವಪುರದಲ್ಲಿ ಧ್ವಜ ಸತ್ಯಾಗ್ರಹ ನಡೆದಿತ್ತು. ನೀರು, ಕಬ್ಬು, ಕೈಯಲ್ಲಿ ಸ್ವಲ್ಪ ಕಾಸು, ಮನಸ್ಸಿನಲ್ಲಿ ರಾಜಕೀಯದ ಎಚ್ಚರ, ಇವೆಲ್ಲ ಒಂದೇ ದಶಕದಲ್ಲಿ ಈ ಸೀಮೆಗೆ ಬಂದವು. ಬಾರದೆ ಉಳಿದದ್ದು ಕಾಲೇಜು. ಮಂಡ್ಯದಲ್ಲಿ ಸರಕಾರಿ ಕಾಲೇಜು ಆರಂಭವಾದದ್ದು 1948ರಲ್ಲಿ. ಅಲ್ಲಿಯವರೆಗೆ ಮುಂದೆ ಓದಬೇಕೆಂದರೆ ಮೈಸೂರಿನ ರೈಲು ಹತ್ತಬೇಕು, ಅಲ್ಲಿ ಹಾಸ್ಟೆಲು ಸಿಗಬೇಕು.

ಈ ಕೊರತೆಯನ್ನು ತುಂಬಲು ಹೊರಟವರಲ್ಲಿ ಕೆ.ವಿ. ಶಂಕರಗೌಡರ ಹೆಸರು ಮೊದಲು ಬರುತ್ತದೆ. ಮಂಡ್ಯದ ಜನ ಅವರನ್ನು 'ನಿತ್ಯ ಸಚಿವ' ಎಂದು ಕರೆದರು. ಶಿಕ್ಷಣ ಮಂತ್ರಿಯಾಗಿದ್ದವರು, ಲೋಕಸಭೆಗೂ ಹೋದವರು, ನಾಟಕದ ಹುಚ್ಚಿನವರು. ಅವರ ಮುಂದಾಳತನದ ಜನತಾ ಶಿಕ್ಷಣ ಟ್ರಸ್ಟ್ 1962ರಲ್ಲಿ ಮಂಡ್ಯದಲ್ಲಿ ಪಿಇಎಸ್ ಎಂಜಿನಿಯರಿಂಗ್ ಕಾಲೇಜು ತೆರೆಯಿತು. ಆಗಿನ ಕಾಲಕ್ಕೆ ಇದು ಸಣ್ಣ ಧೈರ್ಯವಲ್ಲ. ಜಿಲ್ಲೆಗೆ ಆಗ ಇಪ್ಪತ್ತಮೂರು ವರ್ಷ. ಪಕ್ಕದ ಹಾಸನದಲ್ಲಿ ಎರಡು ವರ್ಷ ಮೊದಲು ಮಲೆನಾಡು ಎಂಜಿನಿಯರಿಂಗ್ ಕಾಲೇಜು ಕೇಂದ್ರ ಸರಕಾರ, ರಾಜ್ಯ ಸರಕಾರ ಮತ್ತು ಸ್ಥಳೀಯ ಸೊಸೈಟಿ ಎಂಬ ಮೂವರ ಪಾಲುದಾರಿಕೆಯಲ್ಲಿ ಶುರುವಾಗಿತ್ತು. ಪಂಚವಾರ್ಷಿಕ ಯೋಜನೆಗಳಿಗೆ ಎಂಜಿನಿಯರುಗಳು ಬೇಕಾಗಿದ್ದರು, ಎಲ್ಲ ಕಡೆ ತಾನೇ ಕಾಲೇಜು ಕಟ್ಟಲು ಸರಕಾರದ ಕೈಯಲ್ಲಿ ಹಣವಿರಲಿಲ್ಲ, ಊರಿನವರಿಗೆ ಹುಮ್ಮಸ್ಸಿತ್ತು. ಅನುದಾನ ಈ ಮೂರನ್ನು ಕೂಡಿಸಿತು. ಇಂದಿನ ಡೊನೇಷನ್ ಕಾಲೇಜುಗಳನ್ನು ಮಾತ್ರ ನೋಡಿದ ಹೊಸ ತಲೆಮಾರಿಗೆ ಒಂದು ವಿಷಯ ಹೇಳಲೇಬೇಕು. ಖಾಸಗಿ ಎಂಜಿನಿಯರಿಂಗ್ ಕಾಲೇಜು ಎಂದರೆ ಆಗ ವ್ಯಾಪಾರ ಎಂಬ ಅರ್ಥ ಇರಲಿಲ್ಲ.

ಮದ್ದೂರಿನಿಂದ ಮಳವಳ್ಳಿಗೆ ಹೋಗುವ ದಾರಿಯಲ್ಲಿ ಕೆ.ಎಂ. ದೊಡ್ಡಿ ಸಿಗುತ್ತದೆ. ಕಾಳಮುದ್ದನದೊಡ್ಡಿ ಎಂಬುದರ ಮೊಟಕು ರೂಪ ಅದು, ಈಗಿನ ಹೆಸರು ಭಾರತೀನಗರ. ಇಲ್ಲಿ ಭಾರತೀ ಶಿಕ್ಷಣ ಸಂಸ್ಥೆಗಳನ್ನು ಕಟ್ಟಿದವರು ಜಿ. ಮಾದೇಗೌಡರು. ಕಿರುಗಾವಲು ಕ್ಷೇತ್ರದಿಂದ ಮತ್ತೆ ಮತ್ತೆ ಶಾಸಕರಾಗಿ, ಆಮೇಲೆ ಸಂಸದರಾಗಿ, ಕಾವೇರಿ ಹೋರಾಟದ ಮುಖಂಡರಾಗಿ 2021ರಲ್ಲಿ ತೀರಿಕೊಂಡ ಅವರನ್ನು ನಾಡು ನೆನೆಯುವುದು ಹೆಚ್ಚಾಗಿ ಕಾವೇರಿಯ ಕಾರಣಕ್ಕೆ. ನಮ್ಮ ಲೆಕ್ಕದಲ್ಲಿ ಕಾಲೇಜಿನ ಕೆಲಸ ಅದಕ್ಕಿಂತ ಕಿರಿದಲ್ಲ. ಪಟ್ಟಣದಲ್ಲಲ್ಲ, ಎರಡು ತಾಲೂಕುಗಳ ನಡುವಿನ ಒಂದು ಹಳ್ಳಿಯಲ್ಲಿ ಪದವಿ ಕಾಲೇಜು ಇದ್ದರೆ ಯಾರಿಗೆ ಲಾಭ? ಹೆಣ್ಣುಮಕ್ಕಳಿಗೆ. ಬೆಳಿಗ್ಗೆ ಹೋಗಿ ಸಂಜೆಯೊಳಗೆ ಮನೆ ಸೇರಬಹುದಾದರೆ ಮಾತ್ರ ಓದು ಎಂದು ಹೇಳುವ ತಂದೆ ಒಕ್ಕಲಿಗರ ಕೇರಿಯಲ್ಲೂ ಇದ್ದ, ಮುಸ್ಲಿಮರ ಮೊಹಲ್ಲಾದಲ್ಲೂ ಇದ್ದ. ಮಳವಳ್ಳಿ ತಾಲೂಕಿನ ಕಿರುಗಾವಲು ಮುಸ್ಲಿಮರು ಗಣನೀಯವಾಗಿ ನೆಲೆಸಿದ ಊರು. ಇಡೀ ಜಿಲ್ಲೆಯಲ್ಲಿ ಮುಸ್ಲಿಮರ ಪ್ರಮಾಣ ನೂರಕ್ಕೆ ನಾಲ್ಕರ ಆಸುಪಾಸು. ಇಷ್ಟು ಚದುರಿದ, ಇಷ್ಟು ಸಣ್ಣ ಸಮುದಾಯ ತನ್ನದೇ ಕಾಲೇಜು ಕಟ್ಟಿಕೊಳ್ಳುವುದು ಸುಲಭವಲ್ಲ. ಇಲ್ಲಿನ ಮುಸ್ಲಿಂ ಹುಡುಗ, ಹುಡುಗಿಯರಿಗೆ ಬಾಗಿಲು ತೆರೆಯಬೇಕಾದದ್ದು ಒಂದೋ ಸರಕಾರಿ ಶಾಲೆ, ಇಲ್ಲವೇ ನೆರೆಯ ಸಮುದಾಯದ ಮುಂದಾಳುಗಳು ಕಟ್ಟಿದ ಅನುದಾನಿತ ಸಂಸ್ಥೆ.

ಆ ಬಾಗಿಲು ತೆರೆದಿರಬೇಕು ಎಂಬುದು ಮುಂದಾಳುಗಳ ಔದಾರ್ಯಕ್ಕೆ ಬಿಟ್ಟ ವಿಷಯವಲ್ಲ, ಸಂವಿಧಾನದ ಮಾತು. 29ನೆಯ ವಿಧಿಯ ಎರಡನೆಯ ಖಂಡದ ಪ್ರಕಾರ ಸರಕಾರದ ಹಣ ಪಡೆಯುವ ಯಾವ ವಿದ್ಯಾಸಂಸ್ಥೆಯೂ ಧರ್ಮ, ಜನಾಂಗ, ಜಾತಿ, ಭಾಷೆಗಳ ಕಾರಣಕ್ಕೆ ಮಾತ್ರವೇ ಯಾರಿಗೂ ಪ್ರವೇಶ ನಿರಾಕರಿಸುವಂತಿಲ್ಲ. 28ನೆಯ ವಿಧಿಯ ಮೂರನೆಯ ಖಂಡ, ಅನುದಾನಿತ ಶಾಲೆಯಲ್ಲಿ ಧಾರ್ಮಿಕ ಬೋಧನೆ ಇದ್ದರೆ ಮಗುವಿನ ಪೋಷಕರ ಒಪ್ಪಿಗೆಯಿಲ್ಲದೆ ಅದರಲ್ಲಿ ಕೂರಿಸಬಾರದು ಎನ್ನುತ್ತದೆ. ಇನ್ನು 30ನೆಯ ವಿಧಿ ಅಲ್ಪಸಂಖ್ಯಾತರಿಗೆ ತಮ್ಮ ಇಚ್ಛೆಯ ಸಂಸ್ಥೆ ಕಟ್ಟುವ, ನಡೆಸುವ ಹಕ್ಕನ್ನು ಕೊಟ್ಟಿದೆ. ಅದರ ಎರಡನೆಯ ಖಂಡವನ್ನು ನಮ್ಮವರು ಹೆಚ್ಚು ಓದಿದಂತಿಲ್ಲ. ಸಂಸ್ಥೆ ಅಲ್ಪಸಂಖ್ಯಾತರ ಆಡಳಿತದಲ್ಲಿದೆ ಎಂಬ ಕಾರಣಕ್ಕೆ ಸಹಾಯಧನ ಕೊಡುವಾಗ ಸರಕಾರ ತಾರತಮ್ಯ ಮಾಡಬಾರದು ಎಂದು ಅಲ್ಲಿ ಬರೆದಿದೆ. ಹಕ್ಕಿನ ಮೊದಲ ಖಂಡವನ್ನು ಭಾಷಣಗಳಲ್ಲಿ ಕೇಳಿದಷ್ಟು ಎರಡನೆಯದನ್ನು ಅರ್ಜಿಗಳಲ್ಲಿ ಕಂಡಿಲ್ಲ.

ಹಣ ಕೊಟ್ಟವರು ಎಷ್ಟು ದೂರ ಆಳಬಹುದು? ಈ ಪ್ರಶ್ನೆ ದೇಶದಲ್ಲಿ ಮೊದಲು ದೊಡ್ಡದಾಗಿ ಸ್ಫೋಟಿಸಿದ್ದು ನೆರೆಯ ಕೇರಳದಲ್ಲಿ. ಅಲ್ಲಿ ಅನುದಾನಿತ ಶಾಲೆಗಳ ಮ್ಯಾನೇಜರುಗಳು ಮೇಷ್ಟ್ರುಗಳನ್ನು ಜೀತದಾಳುಗಳಂತೆ ನಡೆಸುತ್ತಾರೆ ಎಂಬ ದೂರಿತ್ತು. 1957ರಲ್ಲಿ ಶಿಕ್ಷಣ ಮಂತ್ರಿ ಜೋಸೆಫ್ ಮುಂಡಶ್ಶೇರಿಯವರು ಮಸೂದೆ ತಂದರು. ರಾಷ್ಟ್ರಪತಿಗಳು ಸುಪ್ರೀಂ ಕೋರ್ಟಿನ ಅಭಿಪ್ರಾಯ ಕೇಳಿದರು. 1958ರ ಮೇ ತಿಂಗಳಲ್ಲಿ ಕೋರ್ಟು ಕೊಟ್ಟ ಉತ್ತರದ ತಿರುಳು ಇಷ್ಟು: ಆಡಳಿತ ನಡೆಸುವ ಹಕ್ಕು ಕೆಟ್ಟ ಆಡಳಿತ ನಡೆಸುವ ಹಕ್ಕಲ್ಲ, ಆದರೆ ಅನುದಾನದ ನೆಪದಲ್ಲಿ ಆ ಹಕ್ಕನ್ನೇ ಕಿತ್ತುಕೊಳ್ಳುವಂತಿಲ್ಲ. ಮರುವರ್ಷ ವಿಮೋಚನಾ ಸಮರ ನಡೆದು, ಜುಲೈ 31ರಂದು ಆ ಸರಕಾರವೇ ವಜಾ ಆಯಿತು. ಕರ್ನಾಟಕದ ಹೆಸರು ಹೊತ್ತ ದೊಡ್ಡ ತೀರ್ಪು ಬಂದದ್ದು 2002ರ ಅಕ್ಟೋಬರ್ 31ರಂದು, ಮಣಿಪಾಲದ ಟಿ.ಎಂ.ಎ. ಪೈ ಪ್ರತಿಷ್ಠಾನದ ಪ್ರಕರಣದಲ್ಲಿ. ಹನ್ನೊಂದು ನ್ಯಾಯಮೂರ್ತಿಗಳು ಕೂತು ವಿಚಾರಿಸಿದ ಈ ಪ್ರಕರಣದಲ್ಲಿ ಅನುದಾನರಹಿತ ಸಂಸ್ಥೆಗಳಿಗೆ ಹೆಚ್ಚಿನ ಸ್ವಾತಂತ್ರ್ಯ ದೊರೆಯಿತು. ಅನುದಾನ ಪಡೆಯುವ ಅಲ್ಪಸಂಖ್ಯಾತ ಸಂಸ್ಥೆ ಅನ್ಯ ಸಮುದಾಯದ ಮಕ್ಕಳನ್ನೂ ಸೂಕ್ತ ಪ್ರಮಾಣದಲ್ಲಿ ಸೇರಿಸಿಕೊಳ್ಳಬೇಕು ಎಂಬುದು ಸ್ಪಷ್ಟವಾಯಿತು. ನಮಗೆ ಇದು ನ್ಯಾಯವಾಗಿಯೇ ಕಾಣುತ್ತದೆ. ಎಲ್ಲರ ತೆರಿಗೆಯ ಹಣದಲ್ಲಿ ಸಂಬಳ ಪಡೆಯುವ ಮೇಷ್ಟ್ರು ಒಬ್ಬರ ಮಕ್ಕಳಿಗೆ ಮಾತ್ರ ಪಾಠ ಹೇಳಬಾರದು.

ಮಂಡ್ಯದ ಹೆಸರು ಈ ಪ್ರಶ್ನೆಯ ಜೊತೆ ಜಗತ್ತಿಗೆಲ್ಲ ತಿಳಿದದ್ದು 2022ರ ಫೆಬ್ರವರಿ 8ರಂದು. ಪಿಇಎಸ್ ಕಾಲೇಜಿನ ಆವರಣಕ್ಕೆ ಬುರ್ಖಾ ಧರಿಸಿ ಬಂದ ವಿದ್ಯಾರ್ಥಿನಿಯೊಬ್ಬಳನ್ನು ಕೇಸರಿ ಶಾಲು ಹಾಕಿದ ಹುಡುಗರ ಗುಂಪು ಘೋಷಣೆ ಕೂಗುತ್ತ ಹಿಂಬಾಲಿಸಿದ ದೃಶ್ಯವನ್ನು ನೋಡದವರಿಲ್ಲ. ಕಾಲೇಜಿನ ಸಿಬ್ಬಂದಿ ನಡುವೆ ಬಂದು ಅವಳನ್ನು ಒಳಗೆ ಕರೆದುಕೊಂಡು ಹೋದದ್ದೂ ಅದೇ ದೃಶ್ಯದಲ್ಲಿದೆ, ಅದನ್ನು ಮರೆಯಬಾರದು. ಮೂರು ದಿನ ಹಿಂದೆ, ಫೆಬ್ರವರಿ 5ರಂದು, ಸರಕಾರ ಸಮವಸ್ತ್ರದ ಆದೇಶ ಹೊರಡಿಸಿತ್ತು. ಸರಕಾರಿ ಶಾಲೆಗಳಲ್ಲಿ ಸರಕಾರ ಗೊತ್ತುಪಡಿಸಿದ್ದು, ಖಾಸಗಿ ಶಾಲೆಗಳಲ್ಲಿ ಆಡಳಿತ ಮಂಡಳಿ ತೀರ್ಮಾನಿಸಿದ್ದು ಎಂಬುದು ಅದರ ಸಾರ. ಮಾರ್ಚ್ 15ರಂದು ಹೈಕೋರ್ಟು ಆದೇಶವನ್ನು ಎತ್ತಿಹಿಡಿಯಿತು. ಅಕ್ಟೋಬರ್ 13ರಂದು ಸುಪ್ರೀಂ ಕೋರ್ಟಿನ ಇಬ್ಬರು ನ್ಯಾಯಮೂರ್ತಿಗಳು ಭಿನ್ನ ತೀರ್ಪು ಕೊಟ್ಟರು. ವಾದವಿವಾದದ ಗದ್ದಲದಲ್ಲಿ ಒಂದು ಸಂಗತಿ ಯಾರ ಗಮನಕ್ಕೂ ಬಂದಂತಿಲ್ಲ. ಸಂಬಳದ ಮಟ್ಟಿಗೆ ಸರಕಾರಿ, ಆಡಳಿತದ ಮಟ್ಟಿಗೆ ಖಾಸಗಿ ಆಗಿರುವ ಸಂಸ್ಥೆಗಳಲ್ಲಿ ಇಂಥ ತೀರ್ಮಾನ ಊರಿನ ಕೈಯಲ್ಲೇ ಇರುತ್ತದೆ. ಆಡಳಿತ ಮಂಡಳಿಯಲ್ಲಿ ಕೂತಿರುವವರು ನಮ್ಮ ನೆರೆಯವರು. ಅವರ ಜೊತೆ ನಮ್ಮ ಮಾತುಕತೆ ಎಷ್ಟಿದೆ? ಅಂಥ ಮಂಡಳಿಗಳಲ್ಲಿ, ಹಳೆ ವಿದ್ಯಾರ್ಥಿ ಸಂಘಗಳಲ್ಲಿ ನಮ್ಮವರು ಎಷ್ಟು ಜನ ಇದ್ದಾರೆ?

ಅನುದಾನದ ಒಳಗಿನ ಲೆಕ್ಕವನ್ನೂ ಸ್ವಲ್ಪ ಹೇಳಬೇಕು. ಹಿಂದೆ ಗ್ರಾಂಟು ಆಡಳಿತದವರ ಕೈಗೆ ಬರುತ್ತಿತ್ತು, ಅವರು ಮೇಷ್ಟ್ರಿಗೆ ಹಂಚುತ್ತಿದ್ದರು. ರಸೀದಿಗೆ ಸಹಿ ಒಂದು ಮೊತ್ತಕ್ಕೆ, ಕೈಗೆ ಸಿಗುವುದು ಇನ್ನೊಂದು ಮೊತ್ತ ಎಂಬ ಗೊಣಗು ಎಲ್ಲ ಸೀಮೆಗಳಲ್ಲೂ ಇತ್ತು. ಆಮೇಲೆ ಸಂಬಳ ನೇರವಾಗಿ ಮೇಷ್ಟ್ರ ಖಾತೆಗೆ ಬರತೊಡಗಿತು. ಇದೊಂದು ಸುಧಾರಣೆ ಸಾವಿರಾರು ಸಂಸಾರಗಳಿಗೆ ನೆಮ್ಮದಿ ತಂದಿತು. ನೇಮಕದ ಅಧಿಕಾರ ಆಡಳಿತದ ಬಳಿಯೇ ಉಳಿಯಿತು, ಆದರೆ ಇಲಾಖೆಯ ಅನುಮೋದನೆ ಸಿಕ್ಕ ಹೊರತು ಸಂಬಳವಿಲ್ಲ. ಹುದ್ದೆಗೆ ಲಂಚ ಪಡೆದ ಆಡಳಿತಗಳ ಕಥೆಯೂ ಈ ವ್ಯವಸ್ಥೆಯ ಇತಿಹಾಸದ ಭಾಗವೇ, ಅದನ್ನು ಮುಚ್ಚಿಡುವುದು ಬೇಡ. ಜಾತಿ ನೋಡಿ ಮೇಷ್ಟ್ರನ್ನು ಆರಿಸಿದ ಟ್ರಸ್ಟುಗಳು ಎಲ್ಲ ಸಮುದಾಯಗಳಲ್ಲೂ ಇವೆ.

ಈಗಿನ ತೊಂದರೆ ಬೇರೆ. 1987ರ ಆಚೆಗೆ ಆರಂಭವಾದ ಶಾಲೆಗಳಿಗೆ ಅನುದಾನದ ಬಾಗಿಲು ಮುಚ್ಚಿಕೊಂಡಿತು. ಹೋರಾಟಗಳಾದ ಮೇಲೆ ಕೆಲವು ಕನ್ನಡ ಮಾಧ್ಯಮ ಶಾಲೆಗಳ ಪಾಲಿಗೆ ಅದು ಅರೆಬರೆ ತೆರೆಯಿತು. ಒಕ್ಕಲಿಗರು, ಲಿಂಗಾಯತರು, ಕ್ರೈಸ್ತ ಮಿಷನರಿಗಳು ಅದಕ್ಕೂ ಮೊದಲೇ ಶಾಲೆ ಕಟ್ಟಿ ಗ್ರಾಂಟಿನ ಪಟ್ಟಿ ಸೇರಿದ್ದರು. ಮುಸ್ಲಿಮರಲ್ಲಿ 1966ರಲ್ಲೇ ಬೆಂಗಳೂರಿನಲ್ಲಿ ಡಾ. ಮುಮ್ತಾಜ್ ಅಹ್ಮದ್ ಖಾನ್ ಅವರು ಅಲ್ ಅಮೀನ್ ಶಿಕ್ಷಣ ಸಂಸ್ಥೆ ಕಟ್ಟಿದ್ದುಂಟು. ಆದರೆ ಊರೂರಿನಲ್ಲಿ ಶಾಲೆ ತೆರೆಯುವ ಹುರುಪು ಸಮುದಾಯಕ್ಕೆ ಬಂದದ್ದು ತಡವಾಗಿ, ಬಾಗಿಲು ಮುಚ್ಚಿದ ಮೇಲೆ ಎಂದು ನಮಗೆ ತೋರುತ್ತದೆ. ಪರಿಣಾಮವಾಗಿ ನಮ್ಮ ಶಾಲೆಗಳು ಹೆಚ್ಚಾಗಿ ಅನುದಾನರಹಿತ, ಇಂಗ್ಲಿಷ್ ಮಾಧ್ಯಮದ, ಫೀಜಿನ ಮೇಲೆ ಬದುಕುವ ಶಾಲೆಗಳಾದವು. ಫೀಜು ಕೊಡಲಾಗದ ಮನೆಯ ಹುಡುಗ ಅಲ್ಲಿಗೆ ಹೋಗುವಂತಿಲ್ಲ. 2006ರ ಸಾಚಾರ್ ವರದಿ ಹೇಳಿದಂತೆ ಮದ್ರಸಗಳಿಗೆ ಹೋಗುವ ಮುಸ್ಲಿಂ ಮಕ್ಕಳು ನೂರಕ್ಕೆ ಮೂರೋ ನಾಲ್ಕೋ. ಉಳಿದವರ ಹಣೆಬರಹ ಸರಕಾರಿ ಮತ್ತು ಅನುದಾನಿತ ಶಾಲೆಗಳ ಹಣೆಬರಹದೊಂದಿಗೆ ಕಟ್ಟಿಕೊಂಡಿದೆ.

ಆ ಅನುದಾನಿತ ಶಾಲೆಗಳೇ ಈಗ ಸೊರಗುತ್ತಿವೆ. ಭಾಷಾ ನೀತಿಯ ಮೊಕದ್ದಮೆಯಲ್ಲಿ 2008ರಲ್ಲಿ ಹೈಕೋರ್ಟು, 2014ರ ಮೇ 6ರಂದು ಸುಪ್ರೀಂ ಕೋರ್ಟು ಕೊಟ್ಟ ತೀರ್ಪುಗಳಿಂದ ಅನುದಾನರಹಿತ ಶಾಲೆಗಳಿಗೆ ಮಾಧ್ಯಮದ ಸ್ವಾತಂತ್ರ್ಯ ದೊರೆಯಿತು. ಅನುದಾನಿತ ಶಾಲೆ ಕನ್ನಡದಲ್ಲಿ, ಕೆಲವೆಡೆ ಉರ್ದುವಿನಲ್ಲಿ ಉಳಿಯಿತು. ಕಬ್ಬಿನ ಗದ್ದೆಯ ದಾರಿಗೂ ಹಳದಿ ಬಸ್ಸುಗಳು ಬಂದವು, ಹುಡುಗರು ಆ ಬಸ್ಸು ಹತ್ತಿದರು. ಮಕ್ಕಳ ಸಂಖ್ಯೆ ನಿಗದಿತ ಮಟ್ಟಕ್ಕಿಂತ ಇಳಿದರೆ ಹುದ್ದೆಗೂ, ಕೊನೆಗೆ ಅನುದಾನಕ್ಕೂ ಕುತ್ತು. ಮೇಷ್ಟ್ರು ನಿವೃತ್ತರಾದರೆ ಆ ಜಾಗ ತುಂಬಲು ಆರ್ಥಿಕ ಇಲಾಖೆಯ ಒಪ್ಪಿಗೆ ಬೇಕು, ಅದಕ್ಕೆ ವರ್ಷಗಟ್ಟಲೆ ಕಾಯಬೇಕು. ಅಲ್ಲಿಯವರೆಗೆ ಆಡಳಿತದವರು ಚಿಲ್ಲರೆ ಸಂಬಳಕ್ಕೆ ಯಾರನ್ನಾದರೂ ಇಟ್ಟುಕೊಂಡು ಗಣಿತವನ್ನೋ ವಿಜ್ಞಾನವನ್ನೋ ಸಾಗಿಸುತ್ತಾರೆ. ಸಾಗಿಸಲಾಗದಿದ್ದರೆ ಹಿಂದಿ ಮೇಷ್ಟ್ರೇ ಗಣಿತದ ಪೀರಿಯಡ್ಡಿಗೆ ಹೋಗಿ ಕೂರುತ್ತಾರೆ. 2006ರ ಏಪ್ರಿಲ್ 1ರ ನಂತರ ಸೇರಿದವರಿಗೆ ಹಳೆಯ ಪಿಂಚಣಿ ಇಲ್ಲ. ಶಾಲೆ ಅನುದಾನಕ್ಕೆ ಒಳಪಡುವ ಮೊದಲು ಕೈಗಾಸಿನಲ್ಲಿ ದುಡಿದ ವರ್ಷಗಳನ್ನು ಸೇವೆಯೆಂದು ಎಣಿಸಬೇಕೆ ಎಂಬ ವ್ಯಾಜ್ಯಕ್ಕೆ 'ಕಾಲ್ಪನಿಕ ವೇತನ' ಎಂಬ ಹೆಸರಿದೆ. ನ್ಯಾಯಾಲಯಗಳಲ್ಲಿ ಮೇಷ್ಟ್ರುಗಳ ಪರ ಆದೇಶಗಳು ಬಂದ ಮೇಲೆ 2014ರಲ್ಲಿ ಅದಕ್ಕೆಂದೇ ಕಾಯಿದೆ ಬಂತು, ಆ ವರ್ಷಗಳನ್ನು ಅದು ಲೆಕ್ಕಕ್ಕೆ ಹಿಡಿಯಲಿಲ್ಲ. ಹತ್ತು, ಹದಿನೈದು ವರ್ಷ ಊರಿನವರು ಕೊಟ್ಟಷ್ಟಕ್ಕೆ ಪಾಠ ಹೇಳಿ ಶಾಲೆಯನ್ನು ಉಳಿಸಿಕೊಂಡವರು ಆ ಮೇಷ್ಟ್ರುಗಳು. ಆ ವರ್ಷಗಳಿಗೆ ಸರಕಾರ ಇಟ್ಟ ಹೆಸರು 'ಕಾಲ್ಪನಿಕ'.

ಇದೇ ಹೊತ್ತಿನಲ್ಲಿ ಮಂಡ್ಯದ ಸಕ್ಕರೆ ಕಾರ್ಖಾನೆಯಲ್ಲಿ ಇನ್ನೊಂದು ಬಗೆಯ ಚರ್ಚೆ ನಡೆಯಿತು. ಯಂತ್ರಗಳು ನಿಂತುಹೋಗಿದ್ದ ಕಾರ್ಖಾನೆಯನ್ನು ನಡೆಸಲು ಖಾಸಗಿಯವರಿಗೆ ಒಪ್ಪಿಸುವ ಮಾತು 2020ರ ಸುಮಾರಿಗೆ ಎದ್ದಿತು. ಪಕ್ಕದ ಪಾಂಡವಪುರದ ಸಹಕಾರಿ ಕಾರ್ಖಾನೆಯನ್ನು ಆಗಲೇ ನಲವತ್ತು ವರ್ಷದ ಗುತ್ತಿಗೆಗೆ ಕೊಡಲಾಗಿತ್ತು. ಮಂಡ್ಯದ ರೈತರು ಒಪ್ಪಲಿಲ್ಲ, ಬೀದಿಗಿಳಿದರು. ಸರಕಾರವೇ ನಡೆಸಲಿ ಎಂದು ಹಠ ಹಿಡಿದರು. 2022ರ ಆಗಸ್ಟಿನಲ್ಲಿ ಸರಕಾರದ ಕೈಯಲ್ಲೇ ಕಬ್ಬು ಅರೆಯುವುದು ಮತ್ತೆ ಶುರುವಾಯಿತು. ಕಾರ್ಖಾನೆಗೆ ಕಬ್ಬು ಹಾಕುವ ಅದೇ ಮನೆಗಳ ಮಕ್ಕಳು ಓದುವ ಅನುದಾನಿತ ಶಾಲೆಯಲ್ಲಿ ಗಣಿತದ ಮೇಷ್ಟ್ರ ಜಾಗ ಖಾಲಿ ಬಿದ್ದಾಗ ಮಾತ್ರ ಯಾರೂ ಹೆದ್ದಾರಿಗೆ ಬಂದು ಕೂತಿಲ್ಲ, ಒಕ್ಕಲಿಗರೂ ಬಂದಿಲ್ಲ, ನಾವೂ ಹೋಗಿಲ್ಲ.